ಭಾಷಣದಿಂದ ಬೇಳೆ ಬೇಯದು

ನಮ್ಮ ಕಡೆಯ ಕಾಲೇಜುಗಳಲ್ಲಿ ವರ್ಷಕ್ಕೊಮ್ಮೆಯಾದರೂ ಒಂದು ಸಮಾರಂಭ ನಡೆದೇ ನಡೆಯುತ್ತದೆ. ಇದೇ ಮಣ್ಣಿನಲ್ಲಿ ಹುಟ್ಟಿ, ಇಲ್ಲಿಯೇ ಪದವಿ ಪಡೆದು, ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ನೆಲೆ ಕಂಡ ಮಹನೀಯರೊಬ್ಬರನ್ನು ಕರೆತರುತ್ತೇವೆ. ಶಾಲು ಹೊದಿಸುತ್ತೇವೆ, ಹಾರ ಹಾಕುತ್ತೇವೆ. ಅವರು ಎದ್ದು ನಿಂತು, ತರುಣರು ನೌಕರಿ ಬೇಡುವವರಾಗಬಾರದು, ನೌಕರಿ ನೀಡುವವರಾಗಬೇಕು ಎಂದು ಅಪ್ಪಣೆ ಕೊಡಿಸುತ್ತಾರೆ. ಚಪ್ಪಾಳೆ ಬೀಳುತ್ತದೆ. ರಾತ್ರಿ ವಾಡಿ ಜಂಕ್ಷನ್ನಿನಲ್ಲಿ ರೈಲು ಹತ್ತಿ ಅವರು ಹೊರಟುಹೋಗುತ್ತಾರೆ. ಅವರ ಮಾತು ಸಭಾಂಗಣದ ಪರ್ಸಿ ನೆಲದ ಮೇಲೆ ಹೂವಿನ ಪಕಳೆಗಳ ಜೊತೆಗೆ ಬಿದ್ದಿದ್ದು, ಮರುದಿನ ಬೆಳಿಗ್ಗೆ ಕಸಬರಿಗೆಯ ಪಾಲಾಗುತ್ತದೆ.

ಕನ್ನಡದ ಉಪನ್ಯಾಸಕನೆಂಬ ಕಾರಣಕ್ಕೆ ಇಂಥ ಸಭೆಗಳ ಸ್ವಾಗತವೂ ವಂದನಾರ್ಪಣೆಯೂ ನನ್ನ ಪಾಲಿಗೇ ಬರುವ ವಾಡಿಕೆ. ಅಂಥದೊಂದು ಸಭೆಯಲ್ಲಿ, ದಂಡೋತಿಯ ಕಡೆಯಿಂದ ಬರುವ ಬಿ.ಕಾಂ. ಎರಡನೆಯ ವರ್ಷದ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಸರ, ನಮ್ಮ ಹೊಲದ ತೊಗರಿ ಒಡಿಸಿ, ಬ್ಯಾಳಿ ಮಾಡಿ, ಪಾಕೀಟ ಕಟ್ಟಿ ಕೊಡ್ತೀನ್ರಿ. ನೀವು ತಗೊಂತೀರೇನ್ರಿ?" ಸಭೆ ನಕ್ಕಿತು. ಅತಿಥಿಗಳೂ ನಕ್ಕು, ಅವಳ ಉತ್ಸಾಹವನ್ನು ಬಾಯ್ತುಂಬ ಹೊಗಳಿ, ಮುಂದಿನ ಪ್ರಶ್ನೆಗೆ ಹೋದರು. ಆಕೆ ಕೇಳಿದ್ದು ಹೊಗಳಿಕೆಯನ್ನಲ್ಲ, ಗಿರಾಕಿಯನ್ನು. ಆ ಸಭೆಯಲ್ಲಿ ವ್ಯಾಪಾರದ ಮರ್ಮ ತಿಳಿದವರು ಒಬ್ಬರೇ ಇದ್ದರು; ಅವರಿಗೆ ವೇದಿಕೆಯ ಮೇಲೆ ಕುರ್ಚಿ ಇರಲಿಲ್ಲ.

ಓದುತ್ತಿರುವಾಗಲೇ ಏನಾದರೂ ಉದ್ಯಮ ಮಾಡಬೇಕೆಂದು ಹೊರಟ ಹುಡುಗನಿಗೆ ಅಥವಾ ಹುಡುಗಿಗೆ, ಮೊದಲೇ ಪದವಿ ಪಡೆದು ಒಂದು ದಡ ಮುಟ್ಟಿದವರು ಕೊಡಬೇಕಾದದ್ದೇನು? ಸ್ಫೂರ್ತಿ ಎಂದು ಎಲ್ಲರೂ ಹೇಳುತ್ತಾರೆ. ಸ್ಫೂರ್ತಿಗೆ ಖರ್ಚಿಲ್ಲ, ಆದುದರಿಂದಲೇ ಅದನ್ನು ಕೊಡಲು ಇಷ್ಟೊಂದು ಜನ ಮುಂದೆ ಬರುತ್ತಾರೆ. ಕೊಡಬೇಕಾದದ್ದು ಪಾಲು ಎಂಬುದು ನನ್ನ ವಾದ: ಹೊತ್ತಿನಲ್ಲಿ ಪಾಲು, ದುಡ್ಡಿನಲ್ಲಿ ಪಾಲು, ಸೋತರೆ ಸೋಲಿನಲ್ಲಿಯೂ ಪಾಲು.

ನಮ್ಮ ಈ ಐದು ಊರುಗಳ ಸೀಮೆಯನ್ನು, ಎಂದರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳನ್ನು, ವಾಚಕರು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಬೇಕು. ಹೆಮ್ಮೆಗೆ ಇಲ್ಲಿ ಕೊರತೆಯಿಲ್ಲ. ಕಾಗಿಣೆಯ ದಂಡೆಯ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. 9ನೆಯ ಶತಮಾನದ 'ಕವಿರಾಜಮಾರ್ಗ' ಆ ಆಸ್ಥಾನದ್ದು. ಸರಕಿಗೂ ಕೊರತೆಯಿಲ್ಲ. ನೆಲದಡಿಯಲ್ಲಿ ಸುಣ್ಣಕಲ್ಲು ಮತ್ತು ಪರ್ಸಿ, ನೆಲದ ಮೇಲೆ ತೊಗರಿ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಬಂದಿತು. ವಾಡಿಯಿಂದ ಚಿತ್ತಾಪುರ, ಸೇಡಂಗಳ ಮೇಲೆ ಹಾಯ್ದು ಸಿಕಂದರಾಬಾದಿಗೆ 1874ರಲ್ಲಿಯೇ ರೈಲು ಓಡಿತು. ಆ ಹಳಿಯ ಮೇಲೆ ಕಲ್ಲು ಹೋಯಿತು, ಸಿಮೆಂಟು ಹೋಯಿತು, ತೊಗರಿಯ ಮೂಟೆ ಹೋಯಿತು. ಕೂಲಿಯಿಲ್ಲದವರು ಗುಳೆ ಹೋದರು, ಕಲಿತವರು ನೌಕರಿಗೆ ಹೋದರು. ತಿರುಗಿ ಬರುವುದು ಪೊಟ್ಟಣದ ಬೇಳೆ ಮತ್ತು ಮುಖ್ಯ ಅತಿಥಿಗಳು.

ಹೋದವರನ್ನು ನಾನು ದೂರುತ್ತಿಲ್ಲ. ಹೊಟ್ಟೆ ಕರೆದಲ್ಲಿಗೆ ಕಾಲು ಹೋಗಲೇಬೇಕು. ಆದರೆ ನಮ್ಮ ಪದವಿ ನಮ್ಮ ಸ್ವಂತ ಗಳಿಕೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು. 1958ರಲ್ಲಿ ಮಹಾದೇವಪ್ಪ ರಾಂಪುರೆಯವರು ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಜನ ವರ್ಷಾನುಗಟ್ಟಲೆ ಹೋರಾಡಿದ ಮೇಲೆ ಸಂವಿಧಾನದ 2012ರ ತಿದ್ದುಪಡಿಯಿಂದ 371-ಜೆ ವಿಧಿ ಬಂದು, ಸೀಟಿನಲ್ಲಿಯೂ ನೌಕರಿಯಲ್ಲಿಯೂ ನಮಗೆ ಮೀಸಲಾತಿ ದೊರೆಯಿತು. ಹಿಂದುಳಿದ ಸೀಮೆಯೆಂಬ ಹೆಸರಿನಲ್ಲಿ ಸೀಟು ಪಡೆದವನು ಆ ಸೀಮೆಗೆ ಸಾಲಗಾರನಲ್ಲವೆ? ಸಾಲ ಕೊಟ್ಟವನ ಮನೆಗೆ ಹೋಗಿ ಉಪದೇಶ ಮಾಡಿ ಬರುವ ಸಾಲಗಾರನನ್ನು ಬೇರೆ ಯಾವ ವ್ಯವಹಾರದಲ್ಲಿಯೂ ನಾನು ಕಂಡಿಲ್ಲ.

ಪದವೀಧರರು ಹಾಗೆ ಪಾಲು ಕೊಟ್ಟ ನಿದರ್ಶನ ಕನ್ನಡ ನಾಡಿನಲ್ಲಿಯೇ ಇದೆ. ಮಂಗಳೂರಿನ ಅಮ್ಮೆಂಬಳ ಸುಬ್ಬರಾವ್ ಪೈ ವಕೀಲರು. ಅವರು 1891ರಲ್ಲಿ ಶಾಲೆ ತೆರೆದರು, ಅಷ್ಟಕ್ಕೇ ನಿಲ್ಲಲಿಲ್ಲ. 1906ರಲ್ಲಿ ಒಂದು ನಿಧಿಯನ್ನು ಸ್ಥಾಪಿಸಿದರು. ಇಂದಿನ ಕೆನರಾ ಬ್ಯಾಂಕಿನ ಮೂಲ ಅದೇ. ಡಾಕ್ಟರ್ ಟಿ. ಎಂ. ಎ. ಪೈ ವೈದ್ಯರು. ಅವರು ಇನ್ನಿಬ್ಬರೊಡನೆ ಕೂಡಿ 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟನ್ನು ಸ್ಥಾಪಿಸಿದ್ದು ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ಹಣ ಒದಗಿಸುವುದಕ್ಕಾಗಿ; 1928ರಲ್ಲಿ ಮನೆಮನೆಗೆ ಹೋಗಿ ಎರಡಾಣೆಯಂತೆ ಕೂಡಿಸುವ ಪಿಗ್ಮಿ ಠೇವಣಿಯನ್ನೂ ತಂದರು. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ ಮೈಸೂರು ವಿಶ್ವವಿದ್ಯಾಲಯವೂ ಮೈಸೂರು ವಾಣಿಜ್ಯ ಮಂಡಳಿಯೂ ಒಂದೇ ವರ್ಷ, 1916ರಲ್ಲಿ ಹುಟ್ಟಿದವು. ಪುಸ್ತಕ ಕೊಟ್ಟ ಕೈ ಬಂಡವಾಳವನ್ನೂ ಕೊಡಬೇಕೆಂಬುದು ಈ ಹಿರಿಯರಿಗೆ ತಿಳಿದಿತ್ತು.

"ಅದೆಲ್ಲ ಆಗಿನ ಕಾಲ, ಈಗ ಸರ್ಕಾರದ ಯೋಜನೆಗಳಿವೆಯಲ್ಲ" ಎಂದು ಆಕ್ಷೇಪಿಸುವವರಿದ್ದಾರೆ. ಇವೆ, ಇಲ್ಲವೆನ್ನುವುದಿಲ್ಲ. 2008ರಲ್ಲಿ ಬಂದ ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆ, ಹಳ್ಳಿಯಲ್ಲಿ ಹೆಣ್ಣುಮಗಳು ತೆರೆಯುವ ಘಟಕಕ್ಕೆ ನೂರಕ್ಕೆ 35ರಷ್ಟು ಸಹಾಯಧನವೆಂದು ಬರೆಯಿತು. 2015ರ ಮುದ್ರಾ ಯೋಜನೆ, ಅಡಮಾನವಿಲ್ಲದೆ 10 ಲಕ್ಷ ರೂಪಾಯಿಯವರೆಗೆ ಸಾಲವೆಂದು ಸಾರಿತು. ಆದರೆ ಕಾಗಿಣೆ ಉಕ್ಕಿ ದಂಡೋತಿಯ ಸೇತುವೆಯ ಮೇಲೆ ಹರಿದ ವರ್ಷಗಳನ್ನು ಕಂಡ ನಮಗೆ, ಆಚೆ ದಡದಲ್ಲಿ ಊರಿದ್ದ ಮಾತ್ರಕ್ಕೆ ಅಲ್ಲಿಗೆ ತಲುಪಲಾಗದೆಂಬುದು ಗೊತ್ತು. ಯೋಜನಾ ವರದಿ ಇಂಗ್ಲಿಷಿನಲ್ಲಿ ಆಗಬೇಕು. ಯಂತ್ರದ ದರಪಟ್ಟಿ, ಮೂರು ವರ್ಷದ ಲಾಭನಷ್ಟದ ಅಂದಾಜು, ತೆರಿಗೆಯ ಕಾಗದ ಎಲ್ಲ ಬೇಕು. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ ಆ ಕಾಗದದ ಮುಂದೆ ಮೂಕಳಾಗುತ್ತಾಳೆ. ಆಗ ದಲ್ಲಾಳಿ ಬರುತ್ತಾನೆ. ಉದ್ಯಮ್ ನೋಂದಣಿಗೆ ಸರ್ಕಾರ ಒಂದು ಪೈಸೆಯನ್ನೂ ಕೇಳುವುದಿಲ್ಲ, ದಲ್ಲಾಳಿ ಕೇಳುತ್ತಾನೆ. ಲೆಕ್ಕ ಬಲ್ಲ, ಇಂಗ್ಲಿಷ್ ಬಲ್ಲ ಪದವೀಧರನೊಬ್ಬ ಎರಡು ಭಾನುವಾರ ಕೂತರೆ ಮುಗಿಯುವ ಕೆಲಸ ಅದು.

ಇನ್ನೊಂದು ಮಾತನ್ನು ಕಟುವಾದರೂ ಆಡಲೇಬೇಕು. ವೇದಿಕೆಯ ಮೇಲೆ ಸಾಹಸದ ಮಹಿಮೆಯನ್ನು ವರ್ಣಿಸುವ ನಮ್ಮ ವಿದ್ಯಾವಂತರು ಸ್ವಂತ ಮಗನನ್ನು ಎಲ್ಲಿಗೆ ಕಳಿಸುತ್ತಾರೆ? ಕೆ.ಎ.ಎಸ್. ಪರೀಕ್ಷೆಯ ತರಬೇತಿಗೆ, ತಪ್ಪಿದರೆ ದೊಡ್ಡ ಕಂಪನಿಯ ನೌಕರಿಗೆ. ಅದು ತಂದೆಯ ಸಹಜವಾದ ಎಚ್ಚರಿಕೆ, ತಪ್ಪೆನ್ನಲಾರೆ. ಆದರೆ ಎರಡೆಕರೆ ಒಣಭೂಮಿಯ ರೈತನೂ ತಂದೆಯೇ. ನಿಮ್ಮ ಮಗ ಸೋತರೆ ಮರಳಿ ಬರಲು ಮನೆಯಿದೆ. ಅವನ ಮಗಳು ಸೋತರೆ ಹೊಲ ಹೋಗುತ್ತದೆ. ಇದ್ದವನು ಕಾಯ್ದಿಟ್ಟುಕೊಂಡು ಇಲ್ಲದವನಿಗೆ ಸಾಹಸ ಕಲಿಸುವುದು ಯಾವ ನ್ಯಾಯ? ಕಾಯಕದ ಜೊತೆಗೆ ದಾಸೋಹವನ್ನೂ ಹೇಳಿದ ಶರಣರ ಸೀಮೆ ಇದು. ನಾವು ಕಾಯಕವನ್ನು ಬಡವರ ಮಕ್ಕಳಿಗೆ ಬೋಧಿಸಿ, ದಾಸೋಹವನ್ನು ಮರೆತುಬಿಟ್ಟಿದ್ದೇವೆ.

ಹಾಗಾದರೆ ಮಾಡಬೇಕಾದದ್ದೇನು? ದೊಡ್ಡ ಯೋಜನೆಯೇನೂ ಬೇಕಿಲ್ಲ. ಪ್ರತಿ ಕಾಲೇಜಿಗೂ ಹಳೆಯ ವಿದ್ಯಾರ್ಥಿಗಳ ಸಂಘ ಇದ್ದೇ ಇರುತ್ತದೆ. ರಜತೋತ್ಸವ ಬಂದಾಗ ಅದು ಹಣ ಕೂಡಿಸಿ ಒಂದು ಕಮಾನು ಕಟ್ಟಿಸುತ್ತದೆ. ಕಮಾನು ಬೇಡ. ಐವತ್ತು ಜನ ತಿಂಗಳಿಗೆ ಐದುನೂರರಂತೆ ಕೊಟ್ಟರೆ ವರ್ಷಕ್ಕೆ ಮೂರು ಲಕ್ಷವಾಗುತ್ತದೆ. ಬಡ್ಡಿಯಿಲ್ಲದೆ ಇಬ್ಬರಿಗೋ ಮೂವರಿಗೋ ಕೊಟ್ಟರೆ, ಬ್ಯಾಂಕು ಕೇಳುವ ಅವರ ಸ್ವಂತ ಪಾಲಿನ ಹಣವಾದರೂ ಆಯಿತು. ಲೆಕ್ಕ ಬಲ್ಲವರು ತಿಂಗಳಿಗೊಮ್ಮೆ ಅವರ ಪುಸ್ತಕ ನೋಡಲಿ. ದೂರದ ಊರಿನಲ್ಲಿರುವವರು ತಮ್ಮ ಮನೆಗೂ ನೆರೆಮನೆಗೂ ತಿಂಗಳ ಬೇಳೆಯನ್ನು ಇಲ್ಲಿಂದಲೇ ತರಿಸಲಿ. ಮನೆ ಕಟ್ಟಿಸುವ ಇಂಜಿನಿಯರು ಪರ್ಸಿಯನ್ನು ನಮ್ಮ ಹುಡುಗರಿಂದಲೇ ಕೊಳ್ಳಲಿ. ಆದರೆ ದಯೆಯಿಂದ ಕೊಳ್ಳುವುದು ಬೇಡ. ಬೇಳೆಯಲ್ಲಿ ಹರಳು ಸಿಕ್ಕರೆ ಪೊಟ್ಟಣವನ್ನು ಹಿಂದಕ್ಕೆ ಕಳಿಸಿ, ಕಾರಣವನ್ನು ಬರೆದು ತಿಳಿಸಲಿ. ಯಾವ ಭಾಷಣಕ್ಕಿಂತಲೂ ಆ ಕಾಗದದಿಂದ ಆಕೆ ಹೆಚ್ಚು ಕಲಿಯುತ್ತಾಳೆ.

ಹೀಗೆ ಕೈಹಿಡಿದವರಲ್ಲಿ ಕೆಲವರು ಸೋಲುತ್ತಾರೆ, ಕೊಟ್ಟ ಹಣದಲ್ಲಿ ಒಂದಿಷ್ಟು ಮುಳುಗುತ್ತದೆ. ಅದನ್ನು ಮೊದಲೇ ತಿಳಿದು ಕೊಡಬೇಕು. ಮುಳುಗಿದ ಮೇಲೂ ಸೋತವನನ್ನು ಕರೆದು ಕೂರಿಸಿ, ಎಲ್ಲಿ ತಪ್ಪಿತೆಂದು ಅವನೊಡನೆ ಲೆಕ್ಕ ತೆಗೆಯಬೇಕು. ಗೆದ್ದವರನ್ನು ಸನ್ಮಾನಿಸಲು ಊರೆಲ್ಲ ಬರುತ್ತದೆ. ಸೋತವನ ಪಕ್ಕದಲ್ಲಿ ಕೂರುವುದಕ್ಕೆ ಕಲಿತವರು ಬೇಕು.