ವೇಳೆ ಬದಲಾದರೆ ಬಿಡುವಿನ ಗತಿಯೇನು?

ಯಂತ್ರಕ್ಕೆ ಭಾನುವಾರವೆಂಬುದಿಲ್ಲ, ಮನುಷ್ಯ ಬರೆದುಕೊಟ್ಟರೆ ಮಾತ್ರ ಉಂಟು. ಇಂಥ ದಿನ ಇಂಥ ಕೆಲಸ ತಾನಾಗಿ ನಡೆಯಲಿ ಎಂದು ಗಣಕಯಂತ್ರಕ್ಕೆ ವೇಳಾಪಟ್ಟಿ ಕೊಡುವವರು, ಕೆಲಸ ಬಿಡಬೇಕಾದ ದಿನಗಳನ್ನೂ ಜೊತೆಗೇ ಬರೆದುಕೊಡುತ್ತಾರೆ. ಪಟ್ಟಿ ಬದಲಾದಾಗ ಆ ಬಿಡುವಿನ ದಿನಗಳನ್ನು ಯಾರು ನೋಡಿಕೊಳ್ಳುತ್ತಾರೆ?

ಸಾಲದ ಕಂತು, ವಿಮೆಯ ಹಣ, ಸಂಬಳ, ಪಿಂಚಣಿಗಳನ್ನು ಖಾತೆಯಿಂದ ಖಾತೆಗೆ ತಾನಾಗಿ ಸಾಗಿಸುವ 'ನಾಚ್' ವ್ಯವಸ್ಥೆ ಮೊದಲು ಬ್ಯಾಂಕು ತೆರೆದಿರುವ ದಿನ ಮಾತ್ರ ನಡೆಯುತ್ತಿತ್ತು. ಭಾನುವಾರದ ಕಂತು ಸೋಮವಾರ ಕಡಿತವಾಗುತ್ತಿತ್ತು. ರಿಸರ್ವ್ ಬ್ಯಾಂಕು 2021ರ ಜೂನ್ 4ರಂದು ಸಾರಿದಂತೆ, ಆಗಸ್ಟ್ 1ರಿಂದ ಅದು ವಾರದ ಏಳು ದಿನವೂ ನಡೆಯಿತು. ಆ ಮೊದಲ ದಿನವೇ ಭಾನುವಾರ! ರಜೆಯಲ್ಲೂ ಸಂಬಳ ಜಮೆಯಾಗುವುದು ಒಳ್ಳೆಯದೇ, ನಾವು ಅಲ್ಲಗಳೆಯುವುದಿಲ್ಲ. ಆದರೆ ಭಾನುವಾರದ ಸಂತೆಯ ಹಣವನ್ನು ಸೋಮವಾರ ಬೆಳಿಗ್ಗೆ ಕಟ್ಟಿದರಾಯಿತೆಂದು ಲೆಕ್ಕ ಹಾಕಿದ್ದ ಸಣ್ಣ ವ್ಯಾಪಾರಿಗೆ ಆ ಒಂದು ದಿನದ ಬಿಡುವು ಹೋಯಿತು. ಖಾತೆಯಲ್ಲಿ ಹಣ ಸಾಲದಿದ್ದರೆ ಕಂತು ವಾಪಸು. ಅದರ ಮೇಲೆ ದಂಡ.

ಇಲ್ಲಿ ಬಿಡುವನ್ನು ತಿಳಿದೇ, ಸಾರಿಯೇ ತೆಗೆದರು. ಯಾರಿಗೂ ತಿಳಿಯದೆ ಬಿಡುವು ಕಳೆದುಹೋಗುವುದು ಇದಕ್ಕಿಂತ ಕೆಟ್ಟದ್ದು. 1998ರಲ್ಲಿ ಬಂದು 2009ರಲ್ಲಿ ಪರಿಷ್ಕೃತವಾದ 'ಐಕ್ಯಾಲೆಂಡರ್' ನಿಯಮದಲ್ಲಿ, ದಿನವೂ 9 ಗಂಟೆಗೆ ನಡೆಯುವ ಕೆಲಸಕ್ಕೆ ಬಿಡುವನ್ನು ತಾರೀಖು, ಗಂಟೆ ಎರಡನ್ನೂ ಸೇರಿಸಿ ಬರೆಯಬೇಕು. ಮುಂದೆ ಕೆಲಸವನ್ನು 10 ಗಂಟೆಗೆ ಸರಿಸಿ, ಬಿಡುವನ್ನು 9ಕ್ಕೇ ಬಿಟ್ಟರೆ ಎರಡಕ್ಕೂ ತಾಳೆಯಾಗದು. ರಜೆಯ ದಿನವೂ ಕೆಲಸ ನಡೆದುಹೋಗುತ್ತದೆ. ಇದರ ತಿರುವುಮುರುವೂ ಉಂಟು. ಬೇಡವಾದ ಹಳೆಯ ಬಿಡುವು ಹೊಸ ಪಟ್ಟಿಗೆ ಅಂಟಿಕೊಂಡರೆ ನಡೆಯಬೇಕಾದ ಬಟವಾಡೆಯೇ ನಿಂತೀತು. ಆಗ 'ಯಂತ್ರದ ತಪ್ಪು' ಎಂದು ಕೈತೊಳೆದುಕೊಳ್ಳುವುದು ಸಲ್ಲದು. ಯಂತ್ರ ಹೇಳಿದಷ್ಟನ್ನೇ ಮಾಡಿತು.

ಆದುದರಿಂದ ನಾವು ಕೇಳುವುದು ಮೂರೇ ಮಾತು. ಪ್ರತಿಯೊಂದು ಬಿಡುವಿನ ಜೊತೆಗೆ ಅದರ ಕಾರಣವನ್ನೂ ಬರೆದಿಡಿ. ಕಾರಣ ತಿಳಿಯದೆ ಉಳಿಸುವುದೋ ಅಳಿಸುವುದೋ ತೀರ್ಮಾನಿಸಲಾಗದು. ಪಟ್ಟಿ ಬದಲಿಸುವ ಮುನ್ನ ಹಳೆಯ ಬಿಡುವುಗಳನ್ನು ಒಂದೊಂದಾಗಿ ಮನುಷ್ಯನೇ ನೋಡಿ, ಹೊಸ ವೇಳೆಗೆ ಹೊಂದಿಸಲಿ. ಬದಲಾವಣೆಯನ್ನು ಬಾಧಿತರಿಗೆ ಮುಂಚಿತವಾಗಿ, ಅವರ ಭಾಷೆಯಲ್ಲಿ ತಿಳಿಸಿ. ತಿಳಿಸದೆ ಬಂದ ನಷ್ಟಕ್ಕೆ ದಂಡ ಹಾಕಬೇಡಿ.

ವೇಳೆ ಬದಲಿಸುವವನು ಒಬ್ಬ, ದಂಡ ತೆರುವವನು ಇನ್ನೊಬ್ಬ ಎಂಬ ಸ್ಥಿತಿ ಇರುವವರೆಗೆ ಈ ಎಚ್ಚರ ತಾನಾಗಿ ಬಾರದು. ಕೇಳಿಯೇ ಪಡೆಯಬೇಕು.