ಸುತ್ತಿಗೆ ಸದ್ದಿನ ಕೋರ್ಟು

ನಮ್ಮ ದೇಶದ ನ್ಯಾಯಾಧೀಶರು ಮರದ ಸುತ್ತಿಗೆ ಬಡಿಯುವುದಿಲ್ಲ. ಆನೇಕಲ್ಲಿನ ತಾಲ್ಲೂಕು ನ್ಯಾಯಾಲಯದಿಂದ ದೆಹಲಿಯ ಸುಪ್ರೀಂ ಕೋರ್ಟಿನವರೆಗೆ ಎಲ್ಲಿ ಹೋಗಿ ಕೂತರೂ ‘ಆರ್ಡರ್, ಆರ್ಡರ್’ ಎಂದು ಕುಟ್ಟುವ ಸದ್ದು ಕಿವಿಗೆ ಬೀಳದು. ಆ ಸುತ್ತಿಗೆ ಇರುವುದು ಸಿನಿಮಾದಲ್ಲಿ, ಧಾರಾವಾಹಿಯಲ್ಲಿ. 2024ರ ಆಗಸ್ಟ್‌ನಲ್ಲಿ ಇನ್ನೊಂದು ಕಡೆಯೂ ಅದರ ಸದ್ದು ಕೇಳಿಸಿತು. ಲೂಧಿಯಾನದ ವರ್ಧಮಾನ್ ಜವಳಿ ಸಮೂಹದ ಮುಖ್ಯಸ್ಥ ಎಸ್.ಪಿ. ಓಸ್ವಾಲ್ ಅವರನ್ನು ವಂಚಕರು ವಿಡಿಯೊ ಕರೆಯಲ್ಲೇ ‘ಸುಪ್ರೀಂ ಕೋರ್ಟಿ’ಗೆ ಹಾಜರುಪಡಿಸಿದ್ದರು. ಅಂದಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ಹೆಸರು ಹೊತ್ತು ಕೂತವನ ಮುಖ ಕಾಣಲಿಲ್ಲ, ಮಾತು ಕೇಳಿಸಿತು, ಸುತ್ತಿಗೆ ಬಡಿದ ಸದ್ದೂ ಕೇಳಿಸಿತು ಎಂದು ಓಸ್ವಾಲ್ ಆಮೇಲೆ ಹೇಳಿಕೊಂಡರು. ಆ ‘ಕೋರ್ಟಿನ’ ಆದೇಶದಂತೆ ಅವರು ಕಳಿಸಿದ್ದು ಏಳು ಕೋಟಿ ರೂಪಾಯಿ.

ಆ ಸುತ್ತಿಗೆಯನ್ನು ತಂದಿಟ್ಟವನು ಕಾನೂನು ಓದಿರಲಿಕ್ಕಿಲ್ಲ, ಆದರೆ ಟಿವಿ ನೋಡಿದ್ದ. ತನ್ನ ಗಿರಾಕಿಯೂ ಟಿವಿ ನೋಡಿಯೇ ಕೋರ್ಟನ್ನು ಕಲಿತಿರುತ್ತಾನೆಂಬ ಲೆಕ್ಕ ಅವನದು. ಆ ಲೆಕ್ಕ ತಪ್ಪಲಿಲ್ಲ.

ಇಂಟರ್ನೆಟ್ಟಿನ ಮಾಯಾಲೋಕದೊಳಗಿನ ಅಪರಾಧವನ್ನು ಟಿವಿ ಬಹಳ ಹಿಂದೆಯೇ ಕಥೆ ಮಾಡಿತ್ತು. 2007ರ ಅಕ್ಟೋಬರ್ 24ರಂದು ಅಮೆರಿಕದ ಸಿಬಿಎಸ್ ವಾಹಿನಿಯ ‘ಸಿಎಸ್‌ಐ: ನ್ಯೂಯಾರ್ಕ್’ ಧಾರಾವಾಹಿಯ ಒಂದು ಕಂತಿನಲ್ಲಿ ಗ್ಯಾರಿ ಸಿನೀಸ್ ವಹಿಸಿದ್ದ ಪತ್ತೇದಾರನ ಪಾತ್ರ ‘ಸೆಕೆಂಡ್ ಲೈಫ್’ ಎಂಬ ಕಂಪ್ಯೂಟರ್ ಲೋಕಕ್ಕೆ ಇಳಿದು, ತಾನೂ ಒಂದು ಗೊಂಬೆಯ ರೂಪ ತೊಟ್ಟು ಕೊಲೆಗಾರ್ತಿಯ ಬೆನ್ನು ಹತ್ತಿತು. ಸೆಕೆಂಡ್ ಲೈಫ್ ಎಂಬುದು 2003ರಲ್ಲಿ ಲಿಂಡೆನ್ ಲ್ಯಾಬ್ ಎಂಬ ಕಂಪನಿ ತೆರೆದ ನಿಜವಾದ ತಾಣ. ಅಲ್ಲಿ ಬೇಕಾದ ಮೈಕಟ್ಟು, ಬೇಕಾದ ಹೆಸರು ತೊಟ್ಟು ಓಡಾಡಬಹುದು. ಕಂತು ಮುಗಿದ ಮೇಲೆ ಪ್ರೇಕ್ಷಕರೂ ಆ ಲೋಕಕ್ಕೆ ಹೊಕ್ಕು ತನಿಖೆಯಲ್ಲಿ ಪಾಲ್ಗೊಳ್ಳಬಹುದೆಂದು ವಾಹಿನಿ ಕರೆದಿತ್ತು. ಅದೇ ತಿಂಗಳು ‘ಲಾ ಆ್ಯಂಡ್ ಆರ್ಡರ್: ಎಸ್‌ವಿಯು’ ಕೂಡ ‘ಅವತಾರ್’ ಎಂಬ ಹೆಸರಿನ ಕಂತಿನಲ್ಲಿ ಇಂಥದೇ ಕಥೆ ಹೇಳಿತು. ಈ ಕಥೆಗಳ ಭಯ ಒಂದೇ: ಆಟದ ಲೋಕಕ್ಕೆ ಹೋದವನು ಅಲ್ಲಿಂದ ಕೇಡು ಹೊತ್ತು ತರುತ್ತಾನೆ. ಆಡದವನು, ಮನೆಯಲ್ಲಿ ಸುಮ್ಮನೆ ಕೂತವನು ಸುರಕ್ಷಿತ.

ವಾಸ್ತವದಲ್ಲಿ ನಡೆದದ್ದಕ್ಕೆ ಬೇರೆ ಬೇರೆ ಮುಖಗಳಿವೆ. 2007ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಇಬ್ಬರು ಹುಡುಗರು ಹದಿಮೂರು ವರ್ಷದ ಇನ್ನೊಬ್ಬನನ್ನು ಹೊಡೆದು, ‘ರೂನ್‌ಸ್ಕೇಪ್’ ಆಟದಲ್ಲಿ ಅವನು ಗಳಿಸಿದ್ದ ತಾಯತ ಮತ್ತು ಮುಖವಾಡವನ್ನು ಕಿತ್ತುಕೊಂಡರು. ಕೈಯಲ್ಲಿ ಹಿಡಿಯಲಾಗದ ವಸ್ತುವನ್ನು ಕದಿಯಬಹುದೇ ಎಂಬ ಪ್ರಶ್ನೆಗೆ ಆ ದೇಶದ ಸುಪ್ರೀಂ ಕೋರ್ಟ್ 2012ರ ಜನವರಿಯಲ್ಲಿ, ಹೌದು, ಅದು ಕಳವೇ ಎಂದಿತು. ಅಲ್ಲಿ ಪೆಟ್ಟು ನಿಜ, ಕಳವಿನ ಮಾಲು ಆಟದ್ದು. ನಮ್ಮಲ್ಲೀಗ ಅದು ತಿರುವುಮುರುವಾಗಿದೆ. ಪೊಲೀಸು, ಲಾಕಪ್ಪು, ಕೋರ್ಟು ಎಲ್ಲವೂ ವೇಷ. ಹೋಗುವ ಹಣ ಮಾತ್ರ ಅಪ್ಪಟ. ಅದಕ್ಕೆ ‘ಡಿಜಿಟಲ್ ಅರೆಸ್ಟ್’ ಎಂದು ಹೆಸರು. ಇಲ್ಲಿ ಆಟಕ್ಕೆ ಹೋದವರು ಯಾರೂ ಇಲ್ಲ. ಆಟವೇ ಮನೆಗೆ ಬಂದು, ಸುಮ್ಮನೆ ಕೂತವರ ತಲೆಯ ಮೇಲೆ ಆರೋಪಿಯ ಪಾತ್ರ ಹೊರಿಸುತ್ತದೆ.

ಕನ್ನಡಿಗರಿಗೆ ಪತ್ತೇದಾರಿ ಕಥೆ ಹೊಸದೇನಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಸರ್ಕ್ಯುಲೇಟಿಂಗ್ ಲೈಬ್ರರಿಗಳ ಕಾಲದಲ್ಲಿ ಓದಿನ ಗೀಳು ಹಿಡಿಸಿದವನು. ಈಟಿವಿ ಕನ್ನಡದಲ್ಲಿ ರವಿ ಬೆಳಗೆರೆಯವರ ‘ಕ್ರೈಂ ಡೈರಿ’ ಬಂತು. ಟಿ.ಎನ್. ಸೀತಾರಾಂ ಅವರ ಧಾರಾವಾಹಿಗಳಲ್ಲಿ ವಕೀಲ ಸಿ.ಎಸ್.ಪಿ. ಪಾಟೀಸವಾಲಿಗೆ ನಿಂತರೆ ಅಡುಗೆಮನೆಯ ಒಲೆ ಸಣ್ಣಗಾಗುತ್ತಿತ್ತು. ಕಲರ್ಸ್ ಕನ್ನಡದ ‘ಶಾಂತಂ ಪಾಪಂ’ ದಿನಕ್ಕೊಂದು ಅಪರಾಧದ ಕಥೆ ಹೇಳಿತು. ಹಿಂದಿಯ ‘ಸಿಐಡಿ’ಯಲ್ಲಿ ದಯಾ ಬಾಗಿಲು ಒಡೆಯುವುದನ್ನು ಇಲ್ಲಿನ ಮಕ್ಕಳೂ ಕಾದು ಕೂತು ನೋಡಿದ್ದಾರೆ. ಇವು ವಂಚನೆ ಕಲಿಸಿದವು ಎಂದು ದೂರುವುದು ಸುಲಭ, ಆದರೆ ಅದು ನ್ಯಾಯವಲ್ಲ. ಇವನ್ನೆಲ್ಲ ನಾವು ನೋಡುತ್ತಿದ್ದ ರೀತಿಯನ್ನು ನೆನೆಸಿಕೊಳ್ಳಬೇಕು. ಹಾಲ್‌ನಲ್ಲಿ ಒಂದೇ ಟಿವಿ, ಎದುರಿಗೆ ಮನೆಮಂದಿಯೆಲ್ಲ. ಎರಡನೆಯ ದೃಶ್ಯಕ್ಕೇ ಅಜ್ಜಿ ‘ಇವನೇ ಕಣೋ ಕೊಂದಿರೋನು, ಕಣ್ಣು ನೋಡು’ ಎಂದು ತೀರ್ಪು ಕೊಟ್ಟುಬಿಡುವರು. ಮಾವ ‘ಹಂಗೆಲ್ಲ ಸರ್ಚ್ ವಾರಂಟ್ ಇಲ್ದೆ ನುಗ್ಗೋ ಹಂಗಿಲ್ಲ’ ಎಂದು ಆಕ್ಷೇಪ ಎತ್ತುವರು. ಕಥೆ ಎಷ್ಟೇ ಭಯ ಹುಟ್ಟಿಸಲಿ, ಪಕ್ಕದವರ ಮಾತು ಅದಕ್ಕೊಂದು ಮೂಗುದಾರ ಹಾಕುತ್ತಿತ್ತು.

ಆನೇಕಲ್, ಸರ್ಜಾಪುರ ಸುತ್ತಿನ ಹಳ್ಳಿಗಳಲ್ಲಿ ಊರವರೇ ಕಟ್ಟುವ ಕುರುಕ್ಷೇತ್ರ ನಾಟಕದಲ್ಲೂ ಇದೇ ನಡೆಯುತ್ತದೆ. ದುರ್ಯೋಧನ ಗದೆ ಹೊತ್ತು ಅಬ್ಬರಿಸುತ್ತಾನೆ. ಅವನು ಹಾಲಿನ ಡೇರಿಯ ಸೆಕ್ರೆಟರಿ ಎಂಬುದು ಕೂತವರಿಗೆಲ್ಲ ಗೊತ್ತು. ವೇಷ ವೇಷವಾಗಿ ಉಳಿಯುವುದು ನೋಡುವವರು ಹತ್ತು ಜನ ಇದ್ದಾಗ. ಡಚ್ ಚಿಂತಕ ಯೋಹಾನ್ ಹೈಝಿಂಗಾ 1938ರಲ್ಲಿ ಆಟದ ಬಗ್ಗೆ ಬರೆಯುತ್ತ, ಪ್ರತಿ ಆಟವೂ ತನ್ನ ಸುತ್ತ ಒಂದು ಗೆರೆ ಎಳೆದುಕೊಳ್ಳುತ್ತದೆ, ಆ ಗೆರೆಯೊಳಗೆ ಬೇರೆಯೇ ನಿಯಮ ನಡೆಯುತ್ತದೆ ಎಂದರು. ಆ ಗೆರೆಯನ್ನು ಕಾಣಿಸುವವರು ಅದರ ಹೊರಗೆ ನಿಂತವರು. ಒಳಗಿರುವವನ ಕಣ್ಣಿಗೆ ಅದು ಬೀಳುವುದು ಕಷ್ಟ.

ಈ ಮಾತು ಕಂಪ್ಯೂಟರ್ ಲೋಕಕ್ಕೂ ಸಲ್ಲುತ್ತದೆ. ಬರೀ ಅಕ್ಷರಗಳಲ್ಲಿ ನಡೆಯುತ್ತಿದ್ದ ‘ಲ್ಯಾಂಬ್ಡಾಮೂ’ ಎಂಬ ಲೋಕದಲ್ಲಿ ಒಬ್ಬ ಆಟಗಾರ ಉಳಿದವರ ಪಾತ್ರಗಳ ಮೇಲೆ ಲೈಂಗಿಕ ಹಿಂಸೆ ಎಸಗಿದ್ದನ್ನು ಜೂಲಿಯನ್ ಡಿಬೆಲ್ ಎಂಬ ಪತ್ರಕರ್ತ 1993ರಲ್ಲಿ ನ್ಯೂಯಾರ್ಕಿನ ‘ವಿಲೇಜ್ ವಾಯ್ಸ್’ ಪತ್ರಿಕೆಯಲ್ಲಿ ಬರೆದ. ಆ ವರದಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಅಪರಾಧಕ್ಕಿಂತ ಅದರ ನಂತರದ ಭಾಗ. ಅಲ್ಲಿನ ನಿವಾಸಿಗಳು ಒಂದೆಡೆ ಸೇರಿ, ಏನು ಶಿಕ್ಷೆ, ಯಾರು ಕೊಡಬೇಕು ಎಂದು ಗಂಟೆಗಟ್ಟಲೆ ವಾದಿಸಿದರು. ಅಂಥ ಲೋಕದಲ್ಲೂ ಕೂಗಿದರೆ ಓಡಿ ಬರುವ ನೆರೆಹೊರೆ ಇತ್ತು.

ಬೆಂಗಳೂರಿನ ಅಂಚಿನ ಚಂದಾಪುರದಲ್ಲಿ ಈಗ ಅಂಥ ನೆರೆಹೊರೆಯನ್ನು ಹುಡುಕಬೇಕು. 1978ರಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ತನ್ನ ಮುಖ್ಯಸ್ಥ ಆರ್.ಕೆ. ಬಾಳಿಗರ ಕನಸಿನಂತೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಟ್ಟಿದಾಗ ಚಂದಾಪುರ ಹೊಸೂರು ರಸ್ತೆಯಲ್ಲಿ ಆನೇಕಲ್ಲಿಗೆ ತಿರುಗುವ ಒಂದು ಕೂಡುರಸ್ತೆ. ಈಗ ಒಂದು ಕಡೆ ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಯ ಕಾರ್ಖಾನೆಗಳ ಪಾಳಿ, ಇನ್ನೊಂದು ಕಡೆ ಸಾಫ್ಟ್‌ವೇರ್ ಪಾಳಿ. ನಡುವೆ ಪಿಜಿಗಳು, ಬಾಡಿಗೆ ಮನೆಗಳು, ಗೃಹಮಂಡಳಿಯ ಸೂರ್ಯನಗರ, ಅದರಾಚೆ ಅಪಾರ್ಟ್‌ಮೆಂಟುಗಳು. 2025ರ ಆಗಸ್ಟ್ 10ರಂದು ಹಳದಿ ಮೆಟ್ರೊ ಬೊಮ್ಮಸಂದ್ರದವರೆಗೆ ಬಂದು ನಿಂತ ಮೇಲೆ ಜನ ಇನ್ನೂ ಹೆಚ್ಚಿದ್ದಾರೆ. ಪಿಜಿಯ ಒಂದು ರೂಮಿನಲ್ಲಿ ಮೂರು ಮಂಚ, ಮೂರು ಮೊಬೈಲು, ಮೂರು ಜೊತೆ ಇಯರ್‌ಫೋನು. ಫ್ಲ್ಯಾಟಿನಲ್ಲಿ ಮಗ, ಸೊಸೆ ಕೆಲಸಕ್ಕೆ ಹೋದರೆ ಊರಿಂದ ಬಂದ ತಾಯಿ ಹಗಲೆಲ್ಲ ಒಬ್ಬರೇ. ಎಲ್ಲರೂ ನೋಡುತ್ತಿದ್ದಾರೆ, ಆದರೆ ಯಾರೂ ಜೊತೆಗೆ ಕೂತು ನೋಡುತ್ತಿಲ್ಲ. ಡಿಜಿಟಲ್ ಅರೆಸ್ಟ್ ಎಂಬ ನಾಟಕಕ್ಕೆ ಬೇಕಾಗಿರುವುದು ಈ ಒಂಟಿ ಪ್ರೇಕ್ಷಕ.

ಆ ನಾಟಕದ ಅಂಕಗಳು ಹೆಚ್ಚುಕಮ್ಮಿ ಒಂದೇ. ಮೊದಲು ಕೊರಿಯರ್ ಕಂಪನಿಯ ಹೆಸರಿನಲ್ಲೋ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ಹೆಸರಿನಲ್ಲೋ ಒಂದು ಕರೆ: ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ. ಆಮೇಲೆ ‘ಮುಂಬೈ ಪೊಲೀಸ್’, ಆಮೇಲೆ ‘ಸಿಬಿಐ’. ವಿಡಿಯೊದಲ್ಲಿ ಸಮವಸ್ತ್ರ, ಹಿಂದೆ ಧ್ವಜ, ಲಾಂಛನ, ಮೇಜಿನ ಮೇಲೆ ಕಡತದ ರಾಶಿ. ಕ್ಯಾಮೆರಾ ಆರಿಸುವ ಹಾಗಿಲ್ಲ. ಮತ್ತೆ ಮತ್ತೆ ಬರುವ ಸಂಭಾಷಣೆ ಒಂದು: ಇದು ರಾಷ್ಟ್ರದ ಗುಟ್ಟು, ಮನೆಯವರಿಗೂ ಹೇಳಬೇಡಿ. 2024ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಯುವ ವಕೀಲೆಯೊಬ್ಬರೇ ಇದಕ್ಕೆ ಸಿಕ್ಕಿ, ಒಂದೂವರೆ ದಿನ ಕ್ಯಾಮೆರಾದ ಮುಂದೆ ಉಳಿಯಬೇಕಾಯಿತು. ಅದೇ ವರ್ಷದ ಕೊನೆಗೆ ನಗರದ ಒಬ್ಬ ಎಂಜಿನಿಯರ್ 11.8 ಕೋಟಿ ಕಳೆದುಕೊಂಡರು. 2025ರ ನವೆಂಬರ್‌ನಲ್ಲಿ ದೂರು ಕೊಟ್ಟ ಹಿರಿಯ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರ ನಷ್ಟ 31.83 ಕೋಟಿ. ಹಣ ಹೋದದ್ದು 187 ಕಂತಿನಲ್ಲಿ, ತಿಂಗಳುಗಟ್ಟಲೆ. ಆ ನಡುವೆ ಅವರ ಮನೆಯಲ್ಲಿ ಮಗನ ನಿಶ್ಚಿತಾರ್ಥವೂ ನಡೆಯಿತು. ನೆಂಟರು ಬಂದರು, ಉಂಡರು, ಹೋದರು. ಒಬ್ಬರ ಕಿವಿಗೂ ಒಂದು ಮಾತು ಬೀಳಲಿಲ್ಲ. ಇವರಲ್ಲಿ ಯಾರೂ ಅನಕ್ಷರಸ್ಥರಲ್ಲ, ಕಂಪ್ಯೂಟರ್ ತಿಳಿಯದವರೂ ಅಲ್ಲ. ಓದಿದವರೂ ಹೀಗೆ ಮೋಸಹೋಗುತ್ತಾರಾ ಎಂದು ನಗುವವರಿದ್ದಾರೆ. ಓದು ಕಾಪಾಡುವ ಜಾಗ ಇದಾಗಿರಲಿಲ್ಲ. ಪಕ್ಕದಲ್ಲಿ ಒಂದು ಜೀವ ಕೂತಿದ್ದರೆ ಕಾಪಾಡುತ್ತಿತ್ತು.

ವೇಷ ಕಟ್ಟುವವರ ಕಡೆಗೂ ಒಮ್ಮೆ ನೋಡಬೇಕು. 2025ರ ಅಕ್ಟೋಬರ್‌ನಲ್ಲಿ ಇದೇ ಹೊಸೂರು ರಸ್ತೆಯ ಮಗ್ಗುಲಿನ ಎಚ್‌ಎಸ್‌ಆರ್ ಲೇಔಟಿನಲ್ಲಿ ಪೊಲೀಸರು ಒಂದು ಕಾಲ್‌ಸೆಂಟರಿಗೆ ದಾಳಿ ಇಟ್ಟರು. ಅಲ್ಲಿ ಹೊರರಾಜ್ಯಗಳಿಂದ ಬಂದ ಯುವಕ ಯುವತಿಯರು ಅಮೆರಿಕದ ಅಧಿಕಾರಿಗಳಂತೆ ಮಾತಾಡಿ ಆ ದೇಶದ ಜನರನ್ನು ಇದೇ ಬಗೆಯಲ್ಲಿ ಹೆದರಿಸುತ್ತಿದ್ದರು. ಪಾಳಿ, ತರಬೇತಿ, ಸ್ಕ್ರಿಪ್ಟು, ಟಾರ್ಗೆಟ್ಟು ಎಲ್ಲವೂ ಐಟಿ ಕಂಪನಿಗಳ ರಿವಾಜಿನವೇ. ಕಾಂಬೋಡಿಯಾದ ಗಡಿಯ ವಂಚನೆ ಕೇಂದ್ರಗಳಲ್ಲಂತೂ ಹಲವು ದೇಶಗಳ ಪೊಲೀಸ್ ಠಾಣೆಗಳ ಸೆಟ್ಟುಗಳೇ ಸಿಕ್ಕಿವೆ. ಕೆಲಸದ ಆಸೆಗೆ ಹೋಗಿ ಪಾಸ್‌ಪೋರ್ಟ್ ಕಿತ್ತುಕೊಳ್ಳಲ್ಪಟ್ಟು, ಹೊಡೆತಕ್ಕೆ ಹೆದರಿ ಪಾತ್ರ ಮಾಡುತ್ತಿದ್ದ ಭಾರತೀಯರೂ ಅಂಥ ಕಡೆಗಳಲ್ಲಿ ಇದ್ದರು. ಪರದೆಯ ಈಚೆಯವನ ಹಾಗೆ ಆಚೆಯ ‘ಇನ್ಸ್‌ಪೆಕ್ಟರ್’ ಕೂಡ ಸೆರೆಯಾಳಾಗಿರಬಹುದು. ಯಾವ ಕ್ರೈಂ ಧಾರಾವಾಹಿಯ ಕಥೆಗಾರನಿಗೂ ಇದಕ್ಕಿಂತ ದೊಡ್ಡ ವಸ್ತು ಬೇಕಿಲ್ಲ.

ನಿಜವಾದ ಪೊಲೀಸಿಗೂ ಟಿವಿಯ ಪೊಲೀಸಿಗೂ ಇರುವ ಅಂತರದಲ್ಲೇ ಮದ್ದೂ ಇದೆ. ಠಾಣೆಗೆ ದೂರು ಹಿಡಿದು ಹೋದವರಿಗೆ ‘ಇದು ನಮ್ಮ ಲಿಮಿಟ್ಸ್‌ಗೆ ಬರಲ್ಲ’ ಎಂಬ ಮಾತು ಗೊತ್ತು. ಸೂರ್ಯನಗರ ಠಾಣೆಗೊಂದು ಸರಹದ್ದು, ಅತ್ತಿಬೆಲೆ ಠಾಣೆಗೊಂದು ಸರಹದ್ದು, ಅದನ್ನು ದಾಟಿದರೆ ತಮಿಳುನಾಡು. ಯಾವ ಸರಹದ್ದೂ ಇಲ್ಲದೆ, ದಿನವಿಡೀ ನಿಮ್ಮೊಬ್ಬರ ಪ್ರಕರಣವನ್ನೇ ಹಿಡಿದು ಕೂರುವ ಪೊಲೀಸನ ಮೇಲೆ ಅಷ್ಟಕ್ಕೇ ಅನುಮಾನ ಬರಬೇಕು. ಕಾನೂನಂತೂ ಇನ್ನೂ ಸ್ಪಷ್ಟ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 43ನೇ ಕಲಂ ಪ್ರಕಾರ, ಆರೋಪಿ ಮಾತಿನಿಂದಲೋ ನಡೆಯಿಂದಲೋ ತಾನಾಗಿ ಶರಣಾಗದ ಹೊರತು, ಬಂಧಿಸುವ ಪೊಲೀಸು ಅವನ ಮೈ ಮುಟ್ಟಬೇಕು ಇಲ್ಲವೇ ಹಿಡಿದಿಡಬೇಕು. ಮೊಬೈಲಿನೊಳಗಿಂದ ಕೈ ಚಾಚಿ ಮುಟ್ಟಲಾಗದವನು ಆ ಶರಣಾಗತಿಯನ್ನು ನಮ್ಮ ಬಾಯಿಂದಲೇ ಹೊರಡಿಸಿಕೊಳ್ಳುತ್ತಾನೆ. ವಿಚಾರಣೆಗೆ ಬರಲು ಪೊಲೀಸರು ಕೊಡುವ 35ನೇ ಕಲಮಿನ ನೋಟಿಸನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು. ಲಾಕಪ್ಪಿನ ಸಾವುಗಳನ್ನು ತಡೆಯಲೆಂದು ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್‌ನಲ್ಲಿ ಹಾಕಿಕೊಟ್ಟ ನಿಯಮಗಳು ಈಗ ಸಂಹಿತೆಯಲ್ಲೇ ಸೇರಿವೆ. ಬಂಧನದ ಪತ್ರಕ್ಕೆ ಮನೆಯವರೊಬ್ಬರೋ ಊರಿನ ಗೌರವಸ್ಥರೊಬ್ಬರೋ ಸಾಕ್ಷಿಯ ಸಹಿ ಹಾಕಬೇಕು. ಬಂಧನದ ಸುದ್ದಿ ನೆಂಟರಿಗೋ ಸ್ನೇಹಿತರಿಗೋ ಮುಟ್ಟಬೇಕು. ಸಂವಿಧಾನವೇ ಹೇಳುವಂತೆ, ಇಪ್ಪತ್ನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಬಂಧಿತನನ್ನು ಒಂಟಿಯಾಗಿ ಬಿಡಕೂಡದೆಂಬುದು ಈ ನಿಯಮಗಳ ಜೀವಾಳ. ಖಾಕಿಯ ಕ್ರೌರ್ಯಕ್ಕೆ ಹಾಕಿದ ಈ ಬೇಲಿಯೇ ಖಾಕಿಯ ವೇಷದವನನ್ನೂ ಹಿಡಿದುಕೊಡುತ್ತದೆ.

ನಿಜದ ಕೋರ್ಟು ಹೇಗಿರುತ್ತದೆಂದು ನೋಡುವ ದಾರಿಯೂ ಈಗ ತೆರೆದಿದೆ. ಕರ್ನಾಟಕ ಹೈಕೋರ್ಟ್ 2021ರಲ್ಲಿ ಕಲಾಪವನ್ನು ಯೂಟ್ಯೂಬಿನಲ್ಲಿ ತೋರಿಸಲು ಶುರುಮಾಡಿತು. ಅದರ ತುಣುಕುಗಳು ಮನರಂಜನೆಯ ಸರಕಾದದ್ದೂ, 2023ರ ಡಿಸೆಂಬರ್‌ನಲ್ಲಿ ಕಿಡಿಗೇಡಿಗಳು ನುಗ್ಗಿ ಅಶ್ಲೀಲ ದೃಶ್ಯ ತೋರಿಸಿ ವಿಡಿಯೊ ಕಲಾಪವನ್ನೇ ಕೆಲಕಾಲ ನಿಲ್ಲಿಸಬೇಕಾಗಿ ಬಂದದ್ದೂ ನಿಜ. ಆದರೂ ಒಂದು ಮಧ್ಯಾಹ್ನ ಕೂತು ನೋಡಿದವರಿಗೆ ಕೋರ್ಟಿನ ನಿಜವಾದ ಲಯ ತಿಳಿಯುತ್ತದೆ. ಮುಂದೂಡಿಕೆ, ಕಡತ ಹುಡುಕಾಟ, ‘ಎರಡು ವಾರ ಕಾಲಾವಕಾಶ ಬೇಕು ಮೈ ಲಾರ್ಡ್’. ಅಷ್ಟು ಬೇಸರ ಹುಟ್ಟಿಸುವ ಜಾಗದಲ್ಲಿ ಅರ್ಧ ಗಂಟೆಯೊಳಗೆ ತೀರ್ಪಾಗಿ, ಸಂಜೆಯೊಳಗೆ ಹಣ ಕಟ್ಟು ಎಂಬ ಆದೇಶ ಹೊರಡುವುದು ಸಾಧ್ಯವೇ?

ಹಾಗಾಗಿ ಕನ್ನಡದ ಧಾರಾವಾಹಿ ಬರೆಯುವವರಿಗೆ ಒಂದು ಬೇಡಿಕೆ. ಮುಖವಾಡದ ಹ್ಯಾಕರ್, ಕತ್ತಲ ಕೋಣೆ, ಹಸಿರು ಅಂಕಿಗಳ ಮಳೆ ಸಾಕು. ಸೂರ್ಯನಗರದ ಒಂದು ಫ್ಲ್ಯಾಟಿನಲ್ಲಿ ತಾಯಿಯೊಬ್ಬರು ಮೊಬೈಲಿನ ಮುಂದೆ ನಡುಗುತ್ತ ಕೂತಿರಲಿ. ಬಾಗಿಲು ಹಾಕಿಕೊಳ್ಳಿ ಎಂದು ‘ಸಿಬಿಐ’ ಗದರಲಿ. ಅಷ್ಟರಲ್ಲಿ ಕೆಲಸದಾಕೆ ಒಳಬಂದು, ‘ಯಾರಮ್ಮ ಅದು, ಯಾಕೆ ಹಿಂಗ್ ಬೈತಾವ್ನೆ?’ ಎಂದು ಕೇಳಲಿ. ಆ ಕಂತಿನ ಪತ್ತೇದಾರಿ ಆಕೆಯೇ. ಮುಂದಿನ ಕೆಲಸ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಒಂದು ಕರೆ, ಬ್ಯಾಂಕಿಗೆ ಇನ್ನೊಂದು. ಪ್ರಧಾನಿ 2024ರ ಅಕ್ಟೋಬರ್‌ನ ‘ಮನ್ ಕಿ ಬಾತ್’ನಲ್ಲಿ ಕೇಳಿಸಿದ ವಂಚಕನ ಕರೆ ನಮ್ಮ ವಿಜಯಪುರದ ವ್ಯಕ್ತಿಯೊಬ್ಬರು ರೆಕಾರ್ಡ್ ಮಾಡಿಕೊಂಡದ್ದು. ಅವರು ಮಾಡಿದ್ದೂ ಇಷ್ಟೇ: ತಮಗೊಬ್ಬರಿಗೇ ಎಂದು ಕಟ್ಟಿದ ನಾಟಕವನ್ನು ನಾಲ್ಕು ಜನರ ಮುಂದೆ ತಂದಿಟ್ಟರು. ನಿಜವಾದ ಪೊಲೀಸರು ಬಂಧನದ ಸುದ್ದಿಯನ್ನು ಮನೆಯವರಿಗೆ ಮುಟ್ಟಿಸಲೇಬೇಕು. ಯಾರಿಗೂ ಹೇಳಬೇಡ ಎನ್ನುವವನು ಪೊಲೀಸನಲ್ಲ. ರಾತ್ರಿ ಒಂಬತ್ತೂವರೆಯ ಒಂದು ಕಂತು ಇದಿಷ್ಟನ್ನು ಮನೆಮಾತಾಗಿಸಿದರೂ, ಠಾಣೆಯ ಗೋಡೆಗೆ ಅಂಟಿಸಿದ ಹತ್ತು ಪೋಸ್ಟರಿಗಿಂತ ಹೆಚ್ಚಿನ ಕೆಲಸವಾಗುತ್ತದೆ.