ಉಸಿರಿಗೆ ಊರುಗೋಲು, ಬೆಳವಣಿಗೆಗೆ ತಡೆಗೋಲು

ದಿನ ತುಂಬುವ ಮೊದಲೇ ಹುಟ್ಟಿದ ಕೂಸಿಗೆ ಸ್ಟೀರಾಯ್ಡ್ ಕೊಡುತ್ತಾರೆಂದರೆ ಮನೆಯವರು ಬೆಚ್ಚುತ್ತಾರೆ. ಓಟಗಾರರು ಕದ್ದು ತೆಗೆದುಕೊಂಡು ಸಿಕ್ಕಿಬೀಳುವ ಔಷಧಿ ಮಗುವಿಗೇಕೆ? ಹೆಸರು ಒಂದೇ ಆದರೂ ಇವು ಬೇರೆ ಬೇರೆ. ಕ್ರೀಡಾಪಟುಗಳದ್ದು ಸ್ನಾಯು ಬೆಳೆಸುವ ಬಗೆ. ಕೂಸಿಗೆ ಕೊಡುವುದು, ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತ ಅಡ್ರಿನಲ್ ಗ್ರಂಥಿಗಳು ಸ್ರವಿಸುವ ಕಾರ್ಟಿಸಾಲ್‌ನ ಬಳಗಕ್ಕೆ ಸೇರಿದ್ದು.

ಎರಡು ಗಾಜಿನ ತುಂಡುಗಳನ್ನು ಒದ್ದೆ ಮಾಡಿ ಒಂದರ ಮೇಲೊಂದಿಟ್ಟು ಬಿಡಿಸಲು ಯತ್ನಿಸಿ. ಸುಲಭವಾಗಿ ಬಿಡುವುದಿಲ್ಲ. ದಿನ ತುಂಬದ ಮಗುವಿನ ಶ್ವಾಸಕೋಶದ ಗಾಳಿಚೀಲಗಳೂ ಹೀಗೆಯೇ ಅಂಟಿಕೊಳ್ಳುತ್ತವೆ. ನೀರಿನ ಮೇಲ್ಮೈ ಸೆಳೆತವನ್ನು ತಗ್ಗಿಸುವ, ಸಾಬೂನಿನಂಥ ಗುಣದ ಸರ್ಫ್ಯಾಕ್ಟಂಟ್ ಅಲ್ಲಿ ಇನ್ನೂ ಸಾಕಷ್ಟು ತಯಾರಾಗಿರುವುದಿಲ್ಲ.

ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಗ್ರಹಾಂ ಲಿಗ್ಗಿನ್ಸ್ ಕುರಿಗಳ ಹೆರಿಗೆಯನ್ನು ಅಭ್ಯಸಿಸುತ್ತಿದ್ದರು. ಸ್ಟೀರಾಯ್ಡ್ ಪಡೆದ ಮರಿಯೊಂದು, ಬದುಕಲಾರದಷ್ಟು ಮುಂಚೆ ಹುಟ್ಟಿದರೂ ಉಸಿರಾಡುತ್ತಿತ್ತು! ಈ ಸುಳಿವು ಹಿಡಿದು ಅವರು ರಾಸ್ ಹೋವಿಯವರ ಜೊತೆಗೂಡಿ, ಅವಧಿಗೆ ಮೊದಲೇ ಹೆರಿಗೆಯಾಗುವ ಸಂಭವವಿದ್ದ ತಾಯಂದಿರಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟು ನೋಡಿದರು. ಶಿಶುಗಳ ಉಸಿರಾಟದ ತೊಂದರೆ ಕಡಿಮೆಯಾಯಿತೆಂಬ ಅವರ ವರದಿ 1972ರಲ್ಲಿ ಪ್ರಕಟವಾಯಿತು. 2020ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಪರೀಕ್ಷೆ ಐದು ದೇಶಗಳಲ್ಲಿ ನಡೆಯಿತು. ನಮ್ಮ ಬೆಳಗಾವಿಯೂ ಅದರಲ್ಲಿ ಭಾಗಿ. ಅಲ್ಲಿಯೂ ಶಿಶುಮರಣ ತಗ್ಗಿತು.

ಹುಟ್ಟಿದ ಮೇಲೆ ಮಗುವಿಗೇ ಕೊಡುವ ಸ್ಟೀರಾಯ್ಡ್‌ನ ಕಥೆ ಬೇರೆ. ವಾರಗಟ್ಟಲೆ ಉಸಿರಾಟದ ಯಂತ್ರ ಬಿಡಲಾಗದ ಶಿಶುವಿಗೆ ಡೆಕ್ಸಾಮೆಥಸೋನ್ ಕೊಟ್ಟರೆ ಶ್ವಾಸಕೋಶದ ಉರಿಯೂತ ಇಳಿಯುತ್ತದೆ. ಆದರೆ ಅದೇ ಔಷಧಿ ಸ್ನಾಯುವಿನ ಪ್ರೋಟೀನನ್ನು ಒಡೆದು ಸಕ್ಕರೆಯಾಗಿಸುತ್ತದೆ; ಮೂಳೆ ಉದ್ದವಾಗುವ ತುದಿಗಳ ಮೃದ್ವಸ್ಥಿಯ ಬೆಳವಣಿಗೆಯನ್ನು ಹಿಂದೆಳೆಯುತ್ತದೆ. ಒಂದು ಕಿಲೋ ತೂಕದ ಕೂಸು ದಿನಕ್ಕೆ ಸುಮಾರು 15 ಗ್ರಾಂ ಹೆಚ್ಚಬೇಕು. ಸ್ಟೀರಾಯ್ಡ್ ನಡೆಯುತ್ತಿರುವಾಗ ಹಾಲು ಸಾಕಷ್ಟು ಸಿಕ್ಕರೂ ತೂಕ ಏರದೆ ನಿಲ್ಲಬಹುದು. ತಲೆಯ ಸುತ್ತಳತೆಯ ಬೆಳವಣಿಗೆಯೂ ನಿಧಾನವಾಗುತ್ತದೆ. ಔಷಧಿ ನಿಂತ ಮೇಲೆ ತೂಕ ಸಾಮಾನ್ಯವಾಗಿ ಮತ್ತೆ ಏರತೊಡಗುತ್ತದೆ.

ಚಿಂತೆಯ ವಿಷಯ ಮಿದುಳು. ಹುಟ್ಟಿದ ಮೊದಲ ದಿನಗಳಲ್ಲೇ ಹೆಚ್ಚು ಪ್ರಮಾಣದಲ್ಲಿ ಔಷಧಿ ಪಡೆದ ಮಕ್ಕಳಲ್ಲಿ ಸೆರೆಬ್ರಲ್ ಪಾಲ್ಸಿ ಹೆಚ್ಚಾಗಿ ಕಂಡುಬಂತು. 2002ರಲ್ಲಿ ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ, ಇದನ್ನು ವಾಡಿಕೆಯಂತೆ ಬಳಸಬೇಡಿ ಎಂದಿತು. ಯಂತ್ರದಿಂದ ಬಿಡಿಸಲು ಬೇರೆ ದಾರಿ ಕಾಣದ ಕೂಸಿಗಷ್ಟೇ, ಕಡಿಮೆ ಪ್ರಮಾಣದಲ್ಲಿ, ಕೆಲವೇ ದಿನ ಕೊಡುವುದು ಈಗಿನ ಕ್ರಮ.

ಪಾಲಕರು ಎರಡು ಮಾತು ನೆನಪಿಡಬೇಕು. ತಾಯಿಗೆ ಕೊಡುವ ಚುಚ್ಚುಮದ್ದು ಪೂರ್ತಿ ಫಲ ನೀಡಲು ಸುಮಾರು ಒಂದು ದಿನ ಬೇಕು. ಅಕಾಲದಲ್ಲಿ ನೋವು ಕಾಣಿಸಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ. ಎರಡು ತಿಂಗಳು ಮುಂಚೆ ಹುಟ್ಟಿದ ಮಗುವಿಗೆ ಆರು ತಿಂಗಳಾದಾಗ, ಅದರ ಬೆಳವಣಿಗೆಯನ್ನು ನಾಲ್ಕು ತಿಂಗಳ ಮಗುವಿನ ಜೊತೆ ಹೋಲಿಸಿ. ಪಕ್ಕದ ಮನೆಯ ಮಗುವಿನ ಜೊತೆ ಬೇಡ.